ಆಸ್ಪತ್ರೆಯಲ್ಲಿ ಕಲಿತ ಒಂದು ಅಳತೆ

ಬೆಳಗಿನ ಹೊತ್ತು ಮೆಲ್ಕಾರಿನಲ್ಲಿ ಮಂಗಳೂರಿನ ಬಸ್ಸಿಗಾಗಿ ಕಾದು ನಿಂತವರ ನಡುವೆ, ಮಡಿಸಿದ ಬಿಳಿಯ ಕೋಟನ್ನು ತೋಳಿನ ಮೇಲಿರಿಸಿಕೊಂಡ ತರುಣ ತರುಣಿಯರು ಆಗಾಗ ಕಾಣಸಿಗುತ್ತಾರೆ. ನೇತ್ರಾವತಿಯ ಸೇತುವೆಯನ್ನು ದಾಟಿ ಆಸ್ಪತ್ರೆಗಳಿಗೆ ಹೋಗುವ ಶಿಕ್ಷಾರ್ಥಿಗಳಿವರು. ಇವರ ತರಗತಿಯ ಪಾಠ ಮುಗಿದಿದೆ. ಪದವಿ ಇನ್ನೂ ಕೈಸೇರಿಲ್ಲ. ಈ ನಡುವಣ ಕಾಲಕ್ಕೆ ಇಂಟರ್ನ್‌ಷಿಪ್ ಎಂದು ಹೆಸರು. ಓದು ಮುಗಿದ ಮೇಲೆ ಮತ್ತೊಂದು ವರ್ಷವೇಕೆ ಎಂದು ತಂದೆತಾಯಿಗಳು ಕೇಳುವುದುಂಟು.

2021ರ ನಿಯಮಗಳಂತೆ, ಎಂ.ಬಿ.ಬಿ.ಎಸ್. ವಿದ್ಯಾರ್ಥಿಯು ನಾಲ್ಕೂವರೆ ವರ್ಷಗಳ ವ್ಯಾಸಂಗದ ಬಳಿಕ 12 ತಿಂಗಳು ವಿವಿಧ ವಿಭಾಗಗಳಲ್ಲಿ ಸರದಿಯಂತೆ ದುಡಿಯಬೇಕು. ಬೆಳ್ತಂಗಡಿ ತಾಲ್ಲೂಕಿನ ಉಜಿರೆಯಲ್ಲಿ 1989ರಲ್ಲಿ ಆರಂಭವಾದ ಪ್ರಕೃತಿ ಚಿಕಿತ್ಸಾ ಕಾಲೇಜಿನ ಪದವಿಗೂ ಒಂದು ವರ್ಷದ ಇಂತಹ ಸೇವೆಯುಂಟು. ಈ ಬಗೆಯ ಕಲಿಕೆ ನಮ್ಮ ಜಿಲ್ಲೆಗೆ ಹೊಸದಲ್ಲ. ಮಂಗಳೂರಿನ ಸರಕಾರಿ ವೆನ್ಲಾಕ್ ಆಸ್ಪತ್ರೆಯು 1848ರಷ್ಟು ಹಳೆಯದು. 1950ರ ದಶಕದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಖಾಸಗಿ ಸಂಸ್ಥೆಯಾಗಿ ಹುಟ್ಟಿದಾಗ, ಅದರ ವಿದ್ಯಾರ್ಥಿಗಳು ರೋಗಿಗಳ ಬಳಿ ನಿಂತು ಕಲಿತದ್ದು ಈ ಸರಕಾರಿ ಆಸ್ಪತ್ರೆಯಲ್ಲಿಯೇ.

ಹಾಗಾದರೆ ಅಲ್ಲಿ ಕಲಿಯುವುದೇನು? ಒಂದು ಸಣ್ಣ ಉದಾಹರಣೆಯನ್ನು ನೋಡೋಣ. ಪಿಯುಸಿಯಲ್ಲಿ ನನ್ನಿಂದ ಭೌತಶಾಸ್ತ್ರದ ಪಾಠ ಕೇಳಿದ್ದ ವಿದ್ಯಾರ್ಥಿನಿಯೊಬ್ಬಳು ಶಿಕ್ಷಾರ್ಥಿಯಾದ ಮೊದಲ ವಾರದಲ್ಲಿ, ಬೀಡಿ ಕಟ್ಟಿ ಜೀವಿಸುವ ವೃದ್ಧೆಯೊಬ್ಬಳ ರಕ್ತದೊತ್ತಡವನ್ನು ಅಳೆದಳು. ಮೇಲಿನ ಅಂಕ 152 ಬಂದಿತು. ಹಿರಿಯ ದಾದಿಯೊಬ್ಬರು ಸ್ವಲ್ಪ ಹೊತ್ತಿನ ಮೇಲೆ ಅದೇ ಉಪಕರಣದಿಂದ ಅಳೆದಾಗ 138 ಆಯಿತು. ಉಪಕರಣ ಕೆಟ್ಟಿದೆಯೆಂದೇ ಹುಡುಗಿ ಭಾವಿಸಿದಳು.

ಅದು ಕೆಟ್ಟಿರಲಿಲ್ಲ. ತೋಳಿಗೆ ಗಾಳಿಯ ಪಟ್ಟಿಯನ್ನು ಸುತ್ತಿ ಒತ್ತಡವನ್ನು ಅಳೆಯುವ ಕ್ರಮವನ್ನು ಇಟಲಿಯ ರಿವಾ-ರೊಚ್ಚಿ 1896ರಲ್ಲಿ ಪ್ರಕಟಿಸಿದನು. ಪಟ್ಟಿಯು ಬಿಗಿದಾಗ ಧಮನಿ ಮುಚ್ಚುವುದು. ಗಾಳಿಯನ್ನು ಮೆಲ್ಲಗೆ ಬಿಟ್ಟರೆ ರಕ್ತ ಚಿಮ್ಮಿ ನುಗ್ಗುವಾಗ ಒಂದು ಸದ್ದು ಕೇಳಿಸುವುದು, ಧಮನಿ ಪೂರ್ತಿ ತೆರೆದಾಗ ಆ ಸದ್ದು ಅಡಗುವುದು. ಈ ಸದ್ದುಗಳನ್ನು 1905ರಲ್ಲಿ ವಿವರಿಸಿದವನು ರಷ್ಯದ ಕೊರೊಟ್ಕೊಫ್. ಆದರೆ ಪಟ್ಟಿಯು ಅಳೆಯುವುದು ತಾನಿರುವೆಡೆಯ ಒತ್ತಡವನ್ನು. ತೊಟ್ಟಿಯಿಂದ ಕೆಳಗಿಳಿದಷ್ಟೂ ನಲ್ಲಿಯ ನೀರಿಗೆ ರಭಸ ಹೆಚ್ಚುವಂತೆ, ಹೃದಯದ ಮಟ್ಟದಿಂದ ಕೆಳಗಿಳಿದಷ್ಟೂ ರಕ್ತದ ಒತ್ತಡ ಹೆಚ್ಚುತ್ತದೆ.

ಎಷ್ಟು ಹೆಚ್ಚುತ್ತದೆ? ರಕ್ತವು ನೀರಿಗಿಂತ 1.06 ಪಟ್ಟು, ಪಾದರಸವು 13.6 ಪಟ್ಟು ಭಾರ. ಆದ್ದರಿಂದ 10 ಸೆಂಟಿಮೀಟರ್ ಎತ್ತರದ ರಕ್ತದ ಕಂಬವು ಸುಮಾರು 8 ಮಿಲಿಮೀಟರ್ ಪಾದರಸಕ್ಕೆ ಸಮ. ವೃದ್ಧೆಯ ತೋಳು ಕುರ್ಚಿಯ ಪಕ್ಕದಲ್ಲಿ ಜೋತುಬಿದ್ದಿತ್ತು. ಪಟ್ಟಿ ಅಷ್ಟೇ ಕೆಳಗೆ ಇದ್ದಿರಬೇಕು. ಉಳಿದ ಹೆಚ್ಚಳಕ್ಕೂ ಕಾರಣಗಳಿದ್ದವು: ಆಕೆ ಆಗತಾನೆ ಮೆಟ್ಟಿಲು ಹತ್ತಿ ಬಂದಿದ್ದಳು, ಅಳೆಯುವಾಗ ಮಾತನಾಡುತ್ತಲೂ ಇದ್ದಳು.

ವೈದ್ಯರು ಸಾಮಾನ್ಯವಾಗಿ 140ನ್ನು ಒಂದು ಗಡಿಯೆಂದು ಎಣಿಸುತ್ತಾರೆ. ಒಂದೇ ಅಳತೆಯಿಂದ ಅವರು ರೋಗವನ್ನು ನಿರ್ಧರಿಸುವುದಿಲ್ಲ, ನಿಜ; ಆದರೆ ಇಂತಹ ತಪ್ಪು ಪ್ರತಿ ಭೇಟಿಯಲ್ಲಿಯೂ ಮರುಕಳಿಸಿದರೆ, ದಿನಗೂಲಿಯ ಮುದುಕಿಯೊಬ್ಬಳು ಬೇಡದ ಮಾತ್ರೆಯನ್ನು ವರ್ಷಗಟ್ಟಲೆ ಕೊಂಡು ನುಂಗಬೇಕಾದೀತು. ಪ್ರಯೋಗಶಾಲೆಯಲ್ಲಿ ದೋಷವು ದಾಖಲೆ ಪುಸ್ತಕದ ಒಂದು ಸಾಲಿನಲ್ಲಿ ಮುಗಿಯುತ್ತದೆ. ಇಲ್ಲಿ ಅದು ರೋಗಿಯ ಜೊತೆಗೆ ಮನೆಗೆ ಹೋಗುತ್ತದೆ.

ದ್ರವದ ಆಳ ಹೆಚ್ಚಿದಂತೆ ಒತ್ತಡ ಹೆಚ್ಚುವ ಸೂತ್ರವನ್ನು ಆ ಹುಡುಗಿ ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆದವಳೇ. ನಾನು ಅದನ್ನು ಗಾಜಿನ ಕೊಳವೆಯಲ್ಲಿ ತೋರಿಸಿದ್ದೆ. ಮನುಷ್ಯನ ತೋಳಿನಲ್ಲಿ ತೋರಿಸಿರಲಿಲ್ಲ. ಆ ಕೊರತೆಯನ್ನು ತುಂಬಿದವರು ದಾದಿ. ಈಗ ಅವಳು ರೋಗಿಯನ್ನು ಬೆನ್ನಿಗೆ ಆಸರೆ ಕೊಟ್ಟು ಕುಳ್ಳಿರಿಸಿ, ಐದು ನಿಮಿಷ ಕಾದು, ತೋಳನ್ನು ಹೃದಯದ ಮಟ್ಟಕ್ಕೆ ಮೇಜಿನ ಮೇಲಿರಿಸಿ ಅಳೆಯುತ್ತಾಳೆ. ಮತ್ತೊಮ್ಮೆ ಅಳೆದ ಮೇಲೆಯೇ ಬರೆಯುತ್ತಾಳೆ.

ವಾಚಕರು ಮುಂದೆ ಆಸ್ಪತ್ರೆಗೆ ಹೋದಾಗ, ಬಿಳಿಯ ಕೋಟಿನ ಎಳೆಯರು ಯಾರಾದರೂ ಸ್ವಲ್ಪ ಕಾಯಿರೆಂದು ಕೇಳಿಕೊಂಡರೆ ಬೇಸರಿಸದೆ ಕಾಯುವುದು ಲೇಸು. ಇಂಟರ್ನ್‌ಷಿಪ್‌ನ ವರ್ಷದಲ್ಲಿ ಅವರು ಕಲಿತದ್ದರಲ್ಲಿ ಆ ಐದು ನಿಮಿಷವೂ ಸೇರಿದೆ.