ಕೊಚ್ಚಿ: ಧ್ವನಿಸಾಮ್ಯ ಮತ್ತು ನಿಷ್ಪತ್ತಿ

ಸ್ಥಳನಾಮಗಳ ನಿಷ್ಪತ್ತಿಯನ್ನು ಅರಸುವವರಿಗೆ ಧ್ವನಿಸಾಮ್ಯದಷ್ಟು ದೊಡ್ಡ ಪ್ರಲೋಭನೆ ಬೇರೊಂದಿಲ್ಲ. ಕೇರಳದ ಕೊಚ್ಚಿ ಇದಕ್ಕೊಂದು ಒಳ್ಳೆಯ ನಿದರ್ಶನ. ಕನ್ನಡಿಗನ ಕಿವಿಗೆ ಈ ಹೆಸರು 'ಕೊಚ್ಚು' ಧಾತುವಿನ ಭೂತನ್ಯೂನವಾಗಿಯೇ ಕೇಳಿಸುತ್ತದೆ. ನೆರೆಯಲ್ಲಿ 'ಕೊಚ್ಚಿಹೋಗು'ವ ಮಾತು ನೆನಪಾಗುತ್ತದೆ. 1341ರಲ್ಲಿ ಪೆರಿಯಾರ್ ನದಿಗೆ ಬಂದ ಮಹಾಪೂರದಿಂದ ಕೊಡುಂಗಲ್ಲೂರಿನ ಪ್ರಾಚೀನ ಬಂದರು ಹೂಳು ತುಂಬಿ ಕೆಟ್ಟು, ಕೊಚ್ಚಿ ಮುನ್ನೆಲೆಗೆ ಬಂದಿತೆಂದು ಇತಿಹಾಸಕಾರರು ಹೇಳುವುದನ್ನು ಇದರೊಡನೆ ಜೋಡಿಸಿದರಂತೂ ಕಥೆ ಪೂರ್ಣವಾದಂತೆ ತೋರುತ್ತದೆ. ಆದರೆ ಮಲಯಾಳದ ಊರೊಂದು ಕನ್ನಡದ ಕ್ರಿಯಾರೂಪದಿಂದ ಹೆಸರು ಪಡೆಯಿತೆನ್ನಲು ಆಧಾರವೆಲ್ಲಿ?

ಜಪಾನಿನ ಷಿಕೋಕು ದ್ವೀಪದಲ್ಲಿಯೂ ಒಂದು 'ಕೋಚಿ' ಇದೆ. ಹದಿನೇಳನೆಯ ಶತಮಾನದ ಆರಂಭದಲ್ಲಿ ಯಮಾವುಚಿ ಮನೆತನದವರು ಅಲ್ಲಿ ಕೋಟೆ ಕಟ್ಟಿದಾಗ ಈ ಹೆಸರನ್ನು 'ನದಿಗಳ ನಡುವೆ' ಎಂಬರ್ಥದ ಚಿಹ್ನೆಗಳಿಂದ ಬರೆಯುತ್ತಿದ್ದರು. ನೆರೆಯ ಹಾವಳಿಗೆ ಬೇಸತ್ತು, 1610ರಲ್ಲಿ ಉಚ್ಚಾರಣೆಯನ್ನು ಉಳಿಸಿಕೊಂಡು 'ಉನ್ನತ ಪ್ರಜ್ಞೆ' ಎಂಬರ್ಥದ ಚಿಹ್ನೆಗಳನ್ನು ಬಳಸತೊಡಗಿದರು. ಇಲ್ಲಿಯೂ ನೆರೆಯೇ! ಸಾಮ್ಯವನ್ನು ನಂಬುವವರಿಗೆ ಇಷ್ಟು ಸಾಕು. ವಾಸ್ತವದಲ್ಲಿ ಜಪಾನಿ ಹೆಸರಿನಲ್ಲಿ ಓಕಾರ ದೀರ್ಘ, ಚಕಾರ ಒಂಟಿ. ಮಲಯಾಳದ್ದರಲ್ಲಿ ಒಕಾರ ಹ್ರಸ್ವ, ಚಕಾರ ದ್ವಿತ್ವ. ಕನ್ನಡ ಲಿಪಿ ಎರಡನ್ನೂ ಬೇರೆಯಾಗಿಯೇ ತೋರಿಸುತ್ತದೆ. 1996ರಲ್ಲಿ 'ಕೊಚಿನ್' ಹೋಗಿ 'ಕೊಚ್ಚಿ' ಅಧಿಕೃತವಾದ ಮೇಲೆ ರೋಮನ್ ಬರಹದಲ್ಲಿ ಇವೆರಡೂ ಒಂದಾದುವು.

1991ರಲ್ಲಿ ತನ್ನ ಹೆಸರಿನ ಪೂರ್ಣರೂಪವನ್ನು ಮರಳಿ ಪಡೆದ ತಿರುವನಂತಪುರದ ವಿಷಯದಲ್ಲಿ ಇಷ್ಟು ತೊಡಕಿಲ್ಲ. ತಿರು, ಅನಂತ, ಪುರ ಎಂದು ಘಟಕಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಹಳಗನ್ನಡದಲ್ಲಿ 'ತಿರು' ಎಂದರೆ ಬಿಲ್ಲಿನ ಹೆದೆ ಎಂಬುದನ್ನು ಬಲ್ಲವರೂ ಪದ್ಮನಾಭನ ಊರಿಗೆ ಹೆದೆಯನ್ನು ಬಿಗಿಯಲಾರರು.

ಕೊಚ್ಚಿಯ ಬಗೆಗೆ ಹೆಚ್ಚು ಪ್ರಚಲಿತವಾಗಿರುವ ವಿವರಣೆಯೆಂದರೆ 'ಕೊಚ್ಚ್' (ಚಿಕ್ಕ) ಮತ್ತು 'ಅೞಿ' (ನದಿ ಕಡಲನ್ನು ಸೇರುವ ಬಾಯಿ) ಎಂಬ ಎರಡು ಮಲಯಾಳ ಪದಗಳ ಕೂಡಿಕೆ. ಇದು ಒಪ್ಪಿತವಾದರೆ ಕನ್ನಡದ ನಂಟು ದೊರೆಯುವುದು ಯಾರೂ ಹುಡುಕದ ಈ ಎರಡನೆಯ ಪದದಲ್ಲಿ. ಮಲಯಾಳದ ೞಕಾರಕ್ಕೆ ಹೊಸಗನ್ನಡದಲ್ಲಿ ಳಕಾರ ಬರುವುದು ನಿಯತ: ಮೞ–ಮಳೆ, ಕೋೞಿ–ಕೋಳಿ, ಪುೞ–ಹೊಳೆ. ಕೊನೆಯದರಲ್ಲಿ ಪಕಾರ ಹಕಾರವಾಗಿರುವುದೂ ನಿಯಮದಂತೆಯೇ. ಅದೇ ನಿಯಮದಿಂದ 'ಅೞಿ'ಗೆ ಸರಿಹೊಂದುವುದು ನಮ್ಮ ಕರಾವಳಿಯ ಬೆಸ್ತರು ದಿನವೂ ದೋಣಿ ದಾಟಿಸುವ 'ಅಳಿವೆ'.