ಮ್ಯಾಪ್‌ನಿಂದ ಮಾಯವಾದ ಜಿಲ್ಲೆ

ಇವತ್ತು ಕೆನಡಾದ ಮ್ಯಾಪ್ ತೆಗೆದು ಹುಡುಕಿ ನೋಡಿ, ಫ್ರಾಂಕ್ಲಿನ್ ಅನ್ನೋ ಜಿಲ್ಲೆ ಸಿಗಲ್ಲ. 1999ರ ಮಾರ್ಚ್ 31ರವರೆಗೂ ಅದು ಇತ್ತು. ಆರ್ಕ್ಟಿಕ್ ಸಾಗರದ ಹಿಮದ ದ್ವೀಪಗಳೆಲ್ಲ ಸೇರಿ ಒಂದು ಜಿಲ್ಲೆ. ಅದು ಹೋಗಿದ್ದು ಯಾಕೆ ಅಂತ ಕೇಳೋ ಮೊದಲು, ಬಂದಿದ್ದು ಹೇಗೆ ಅಂತ ಕೇಳಬೇಕು.

ಈ ದ್ವೀಪಗಳನ್ನ ಬ್ರಿಟನ್ 1880ರಲ್ಲಿ ಕೆನಡಾಕ್ಕೆ ವಹಿಸಿಕೊಟ್ಟಿತು. 1895ರಲ್ಲಿ ಕೆನಡಾ ಅವುಗಳ ಸುತ್ತ ಒಂದು ಗೆರೆ ಎಳೆದು ಜಿಲ್ಲೆ ಅಂತ ಘೋಷಿಸಿತು. ಆಗ ಅಲ್ಲಿ ಕೆನಡಾದ ಒಂದು ಪೊಲೀಸ್ ಠಾಣೆ ಕೂಡ ಇರಲಿಲ್ಲ! ಸಾವಿರಾರು ವರ್ಷಗಳಿಂದ ಇದ್ದವರು ಇನುಯಿಟ್ ಜನ ಮತ್ತು ಅವರ ಪೂರ್ವಿಕರು. ಅವರನ್ನ ಯಾರೂ ಕೇಳಲಿಲ್ಲ.

ಹೆಸರು ಇಟ್ಟಿದ್ದಾದರೂ ಯಾರದ್ದು? ಸರ್ ಜಾನ್ ಫ್ರಾಂಕ್ಲಿನ್. 1845ರಲ್ಲಿ ಎರೆಬಸ್, ಟೆರರ್ ಎಂಬ ಎರಡು ಹಡಗು ತಗೊಂಡು ಹೊರಟ ಬ್ರಿಟಿಷ್ ನೌಕಾಧಿಕಾರಿ. ಅವರೂ ಸೇರಿ 129 ಜನ ಅಲ್ಲೇ ಸತ್ತರು. ಹಡಗುಗಳಿಗೆ, ಜನರಿಗೆ ಏನಾಯ್ತು ಅಂತ ಇನುಯಿಟ್ ಹೇಳ್ತಾನೇ ಇದ್ದರು. ಲಂಡನ್‌ನ ದೊಡ್ಡವರು ಅನೇಕರು ನಂಬಲಿಲ್ಲ. ಕೊನೆಗೆ ಹಡಗುಗಳು ಸಿಕ್ಕಿದ್ದು 2014 ಮತ್ತು 2016ರಲ್ಲಿ. ಹುಡುಕಾಟಕ್ಕೆ ದಾರಿ ತೋರಿಸಿದ್ದರಲ್ಲಿ ಅದೇ ಇನುಯಿಟ್ ಜನರ ಮಾತಿಗೂ ದೊಡ್ಡ ಪಾಲಿತ್ತು.

ಇಂಜಿನಿಯರಿಂಗ್ ಮೊದಲ ವರ್ಷದಲ್ಲಿ ನಾನೂ ಡ್ರಾಯಿಂಗ್ ಶೀಟ್ ಮೇಲೆ ಗೆರೆ ಎಳೆದಿದ್ದೇನೆ. ತಪ್ಪಾದರೆ ರಬ್ಬರ್ ತಗೊಂಡು ಅಳಿಸಿದರೆ ಮುಗೀತು. ಜನ ಬದುಕೋ ಜಾಗದ ಮೇಲೆ ಎಳೆದ ಗೆರೆ ಹಾಗಲ್ಲ.

1940ರ ದಶಕದಲ್ಲಿ ಸರ್ಕಾರಕ್ಕೆ ಇನುಯಿಟ್ ಹೆಸರುಗಳು ಕಷ್ಟ ಅನ್ನಿಸಿದವು. ಏನ್ ಮಾಡಿದರು ಗೊತ್ತಾ? ಒಬ್ಬೊಬ್ಬರಿಗೂ ಒಂದು ನಂಬರ್ ಕೊಟ್ಟು, ಆ ನಂಬರಿನ ಬಿಲ್ಲೆಯನ್ನ ಕೊರಳಿಗೆ ಹಾಕಿಕೊಳ್ಳೋಕೆ ಕೊಟ್ಟರು.

ಅದಕ್ಕಿಂತ ಘೋರ ಇನ್ನೊಂದಿದೆ. 1953 ಮತ್ತು 1955ರಲ್ಲಿ 92 ಇನುಯಿಟ್ ಜನರನ್ನ ಹಡಗು ಹತ್ತಿಸಿ ಈ ಜಿಲ್ಲೆಯ ಉತ್ತರ ತುದಿಗೆ ಸಾಗಿಸಿದರು. ಹೆಚ್ಚಿನವರು ಕ್ವಿಬೆಕ್‌ನ ಇನುಕ್‌ಜುವಾಕ್‌ನವರು, ಊರಿಂದ ಸುಮಾರು 2,000 ಕಿಲೋಮೀಟರ್ ದೂರ. ಅಲ್ಲಿ ಬೇಟೆ ಚೆನ್ನಾಗಿದೆ, ಬೇಡ ಅಂದರೆ ಎರಡು ವರ್ಷಕ್ಕೆ ವಾಪಸ್ ಬರಬಹುದು ಅಂತ ಮಾತು ಕೊಟ್ಟಿದ್ದರು ಅಂತಾರೆ ಹೋದವರು. ಮೊದಲ ಚಳಿಗಾಲ ಕಳೆದಿದ್ದು ಡೇರೆಯಲ್ಲಿ, ತಿಂಗಳುಗಟ್ಟಲೆ ಸೂರ್ಯ ಹುಟ್ಟದ ಕತ್ತಲಲ್ಲಿ. ಇದು ನಮ್ಮ ನೆಲ ಅಂತ ಜಗತ್ತಿಗೆ ತೋರಿಸೋಕೆ ನಮ್ಮನ್ನ ಧ್ವಜದ ಕಂಬದ ಹಾಗೆ ನೆಟ್ಟರು ಅನ್ನೋದು ಅವರ ಆರೋಪ. ಸರ್ಕಾರ ಕ್ಷಮೆ ಕೇಳಿದ್ದು 2010ರಲ್ಲಿ. ಅಷ್ಟರಲ್ಲಿ ಹಡಗು ಹತ್ತಿದವರಲ್ಲಿ ಎಷ್ಟೋ ಜನ ಬದುಕಿರಲಿಲ್ಲ.

ಆದರೆ ಇನುಯಿಟ್ ಸುಮ್ಮನೆ ಕೂರಲಿಲ್ಲ. ಮಾತುಕತೆಗೆ ಕೂತರು, 1982ರಲ್ಲಿ ಜನಮತ ಗೆದ್ದರು, 1993ರಲ್ಲಿ ಭೂಮಿಯ ಒಪ್ಪಂದಕ್ಕೆ ಸಹಿ ಹಾಕಿಸಿದರು. 1999ರ ಏಪ್ರಿಲ್ 1ರಂದು ನೂನಾವುಟ್ ಅನ್ನೋ ಹೊಸ ಪ್ರದೇಶ ಹುಟ್ಟಿತು, ಫ್ರಾಂಕ್ಲಿನ್ ಜಿಲ್ಲೆ ಮುಗೀತು. ಬಂದೂಕಿಲ್ಲ, ರಕ್ತ ಇಲ್ಲ.

ನೂನಾವುಟ್ ಅಂದರೆ ಅವರ ಭಾಷೆಯಲ್ಲಿ ನಮ್ಮ ನೆಲ ಅಂತ. ಅಷ್ಟೇ ಅವರು ಕೇಳಿದ್ದು. ಆ ಒಂದು ಪದ ಮ್ಯಾಪ್ ಮೇಲೆ ಬರೋಕೆ ನೂರಕ್ಕೂ ಹೆಚ್ಚು ವರ್ಷ ಬೇಕಾಯ್ತು.