ಬೈಪಾಸ್ ಶಸ್ತ್ರಚಿಕಿತ್ಸೆ: ರಕ್ತದ ಹೊಸ ದಾರಿ ಮತ್ತು ಚೇತರಿಕೆ

ಹೃದಯದ ಸ್ನಾಯುವಿಗೆ ಬೇಕಾದ ರಕ್ತವನ್ನು ಅದರ ಹೊರಮೈಯಲ್ಲಿ ಹರಡಿಕೊಂಡಿರುವ ಪರಿಧಮನಿಗಳು, ಅಂದರೆ ಕೊರೊನರಿ ರಕ್ತನಾಳಗಳು, ಒದಗಿಸುತ್ತವೆ. ಈ ನಾಳಗಳ ಒಳಗೋಡೆಯಲ್ಲಿ ವರ್ಷಗಟ್ಟಲೆ ಕೊಬ್ಬು ಶೇಖರವಾಗಿ ದಾರಿ ಕಿರಿದಾದಾಗ, ನಡೆಯುವಾಗಲೋ ಮೆಟ್ಟಿಲು ಹತ್ತುವಾಗಲೋ ಎದೆ ಹಿಡಿದಂತಾಗುವ ಆಂಜೈನಾ ಎಂಬ ನೋವು ಕಾಣಿಸಿಕೊಳ್ಳುತ್ತದೆ. ಆಂಜಿಯೋಗ್ರಾಂ ಪರೀಕ್ಷೆಯಲ್ಲಿ ಎಡಭಾಗದ ಮೂಲನಾಳದಲ್ಲಿ ಅಥವಾ ಮೂರೂ ಮುಖ್ಯ ನಾಳಗಳಲ್ಲಿ ತೀವ್ರ ತಡೆ ಕಂಡುಬಂದರೆ, ಅದರಲ್ಲೂ ರೋಗಿಗೆ ಮಧುಮೇಹವಿದ್ದರೆ, ವೈದ್ಯರು ಅನೇಕ ವೇಳೆ ನಾಳವನ್ನು ತೆರೆದಿಡಲು ಒಳಗೆ ಕೂರಿಸುವ ಸ್ಟೆಂಟ್‌ಗಿಂತ ಬೈಪಾಸನ್ನು ಸೂಚಿಸುತ್ತಾರೆ.

ಈ ಶಸ್ತ್ರಚಿಕಿತ್ಸೆಯಲ್ಲಿ ತಡೆಯನ್ನು ತೆಗೆಯದೆ, ರೋಗಿಯ ದೇಹದ್ದೇ ಇನ್ನೊಂದು ರಕ್ತನಾಳವನ್ನು ತಡೆಯ ಆಚೆಗೆ ಜೋಡಿಸಿ ರಕ್ತ ಸುತ್ತುಬಳಸಿ ಹರಿಯುವಂತೆ ಮಾಡಲಾಗುತ್ತದೆ; ಹೀಗೆ ಜೋಡಿಸಿದ ನಾಳವೇ ಗ್ರಾಫ್ಟ್. 1964ರಲ್ಲಿ ಲೆನಿನ್‌ಗ್ರಾಡಿನ ವಾಸಿಲಿ ಕೊಲೆಸೊವ್ ಎದೆಗೂಡಿನ ಒಳಗಿನ ಧಮನಿಯನ್ನು ಇದಕ್ಕೆ ಬಳಸಿದರೆ, 1967ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿದ್ದ ಅರ್ಜೆಂಟೀನಾದ ರೆನೆ ಫವಲೊರೊ ಕಾಲಿನ ಅಭಿಧಮನಿಯನ್ನು ಬಳಸುವ ಕ್ರಮಕ್ಕೆ ಪ್ರಚಾರ ತಂದರು. ಎದೆಯ ಧಮನಿ ಹತ್ತು ವರ್ಷಗಳ ಬಳಿಕವೂ ಬಹುಪಾಲು ರೋಗಿಗಳಲ್ಲಿ ತೆರೆದೇ ಇರುತ್ತದೆ. ಆದರೆ ಕಾಲಿನಿಂದ ತೆಗೆದ ನಾಳಗಳಲ್ಲಿ ಸುಮಾರು ಅರ್ಧದಷ್ಟು ಆ ವೇಳೆಗೆ ಮುಚ್ಚಿರುತ್ತವೆ ಇಲ್ಲವೆ ಕಿರಿದಾಗಿರುತ್ತವೆ. ಹೃದಯದ ಮುಂಭಾಗದ ಅತಿ ಮುಖ್ಯ ನಾಳಕ್ಕೆ ಎದೆಯ ಧಮನಿಯನ್ನೇ ಜೋಡಿಸುವುದು ಈ ಕಾರಣದಿಂದ. ಜೋಡಣೆಯ ಹೊತ್ತಿನಲ್ಲಿ ಹೃದಯವನ್ನು ನಿಲ್ಲಿಸಿ ಅದರ ಕೆಲಸವನ್ನು ಹೃದಯ-ಶ್ವಾಸಕೋಶ ಯಂತ್ರಕ್ಕೆ ವಹಿಸುವುದುಂಟು, ಮಿಡಿಯುತ್ತಿರುವ ಹೃದಯದ ಮೇಲೆಯೇ ಹೊಲಿಗೆ ಹಾಕುವುದೂ ಉಂಟು.

ಮೊದಲ ಒಂದೆರಡು ದಿನ ತೀವ್ರ ನಿಗಾ ಘಟಕದಲ್ಲಿರುವ ರೋಗಿ, ತೊಡಕುಗಳಿಲ್ಲದಿದ್ದರೆ ಸುಮಾರು ವಾರದೊಳಗೆ ಮನೆಗೆ ಮರಳುತ್ತಾನೆ. ಸೀಳಿ ತಂತಿಯಿಂದ ಬಿಗಿದ ಎದೆಮೂಳೆ ಕೂಡಿಕೊಳ್ಳಲು ಆರರಿಂದ ಹನ್ನೆರಡು ವಾರ ಬೇಕಾಗುವುದರಿಂದ, ಅಲ್ಲಿಯವರೆಗೆ ಭಾರ ಎತ್ತುವುದನ್ನೂ ವಾಹನ ಓಡಿಸುವುದನ್ನೂ ವೈದ್ಯರ ಅನುಮತಿಯಿಲ್ಲದೆ ಆರಂಭಿಸಬಾರದು. ಕೆಮ್ಮುವಾಗ ಎದೆಗೆ ದಿಂಬು ಒತ್ತಿಕೊಂಡರೆ ನೋವು ತಗ್ಗುತ್ತದೆ. ನಾಳ ತೆಗೆದ ಕಾಲು ಊದಿಕೊಳ್ಳುವುದು, ನಿದ್ದೆಗೆಡುವುದು, ಮನಸ್ಸು ಕುಗ್ಗುವುದು ಸಾಮಾನ್ಯ. ಆದರೆ ಜ್ವರ, ಗಾಯದಿಂದ ಕೀವು, ಏರುವ ಉಬ್ಬಸ, ಎದೆಬಡಿತದ ಏರುಪೇರು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ನಾಳಗಳನ್ನು ಕಿರಿದಾಗಿಸಿದ ಕಾಯಿಲೆ ದೇಹದಲ್ಲೇ ಉಳಿದಿದ್ದು, ಹೊಸ ಗ್ರಾಫ್ಟನ್ನೂ ಅದು ಬಿಡುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ಕೊಲೆಸ್ಟರಾಲ್ ತಗ್ಗಿಸುವ ಸ್ಟ್ಯಾಟಿನ್ ಮಾತ್ರೆಗಳನ್ನು ಚೆನ್ನಾಗಿದ್ದೇನೆಂದು ತಾವಾಗಿ ನಿಲ್ಲಿಸದಿರುವುದು, ಬೀಡಿ-ಸಿಗರೇಟನ್ನು ಪೂರ್ಣವಾಗಿ ತೊರೆಯುವುದು, ಸಕ್ಕರೆ ಮತ್ತು ರಕ್ತದೊತ್ತಡವನ್ನು ಹತೋಟಿಯಲ್ಲಿಡುವುದು, ದಿನವೂ ನಡೆಯುವುದು ಈ ಚಿಕಿತ್ಸೆಯ ಹೊರಗಿನ ಸಲಹೆಗಳಲ್ಲ, ಅದರ ಉಳಿದರ್ಧ.